ಗೋಮುಖದ ಕೆಳಗಿನ ಬಾಯಾರಿಕೆ

"ಏನು ಬೇಕಾದ್ರೂ ಮಾಡಿ ತಾಯಿ. ಆ ನೀರೊಂದನ್ನ ಮಾತ್ರ ನಿಲ್ಲಿಸ್ಬೇಡಿ," ಎಂದರು ಅರ್ಚಕರು.

ಎಂಜಿನಿಯರಮ್ಮ ಹೊಸ್ತಿಲ ಈಚೆ ನಿಂತೇ ಗರ್ಭಗುಡಿಯೊಳಕ್ಕೆ ಟಾರ್ಚು ಬಿಟ್ಟಳು. ಬೆಳಗಿನ ಹತ್ತು ಗಂಟೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಳಗೆ ಕತ್ತಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎಣ್ಣೆಯ ಜಿಡ್ಡು, ವಿಭೂತಿ, ಬಾಡಿದ ಬಿಲ್ವಪತ್ರೆ, ಎಂದೂ ಒಣಗದ ಕಲ್ಲು, ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಲಿಂಗ ಕಂಡಿತು. ಅದರ ಮೇಲೆ ಸರಪಳಿಯಲ್ಲಿ ತೂಗುತ್ತಿದ್ದ ತಾಮ್ರದ ಧಾರಾಪಾತ್ರೆ ಕಂಡಿತು. ಪಾತ್ರೆಯ ತಳದ ಸೂಜಿಮೊನೆಯಷ್ಟು ತೂತಿನಿಂದ ಒಂದೊಂದೇ ಹನಿ ಲಿಂಗದ ನೆತ್ತಿಗೆ ಬೀಳುತ್ತಿತ್ತು. ಟಪ್. ಒಂದು ಉಸಿರಿನಷ್ಟು ಬಿಡುವು. ಟಪ್.

"ಎಷ್ಟು ವರ್ಷದಿಂದ ಹೀಗೆ ಬೀಳ್ತಿದೆ?"

"ನಮ್ಮಜ್ಜನ ಅಜ್ಜನಿಗೂ ಲೆಕ್ಕ ಗೊತ್ತಿರ್ಲಿಲ್ಲ. ಹಗಲೂ ರಾತ್ರಿಯೂ ನಿಂತಿಲ್ಲ. ನಮ್ಮಮ್ಮ ತೀರ್ಕೊಂಡ ದಿನ, ಹೆಣ ಜಗಲಿ ಮೇಲಿಟ್ಟು ಅಪ್ಪ ಬೇರೆಯವರ ಕೈಲಿ ನೀರು ತುಂಬಿಸಿದ್ರು."

"ಅದಕ್ಕೇ ನಿಮ್ಮ ಗೋಡೆ ಕೂತಿರೋದು ಸ್ವಾಮಿ. ಇಷ್ಟು ಶತಮಾನ ತಳಪಾಯಕ್ಕೆ ನೀರು ಕುಡಿಸ್ತಾ ಕೂತ್ರೆ ಗುಡಿ ನಿಲ್ಲುತ್ತಾ? ಉತ್ತರದ ಗೋಡೆ ನಾಲ್ಕು ಬೆರಳು ಇಳಿದಿದೆ. ಇನ್ನೆರಡು ಮಳೆಗಾಲ ಕಳೆದ್ರೆ ನಿಮ್ಮ ದೇವರ ತಲೆ ಮೇಲೆ ಶಿಖರಾನೇ ಅಭಿಷೇಕ ಆಗುತ್ತೆ."

ಪಕ್ಕದಲ್ಲಿದ್ದ ಅವಳ ಅಣ್ಣ ನಗು ತಡೆದುಕೊಂಡು ಕೆಮ್ಮಿದ. ಅವನು ಮೇಸ್ತ್ರಿ. ಹಳೇ ಕಲ್ಲುಕಟ್ಟಡಗಳನ್ನು ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ಎತ್ತಿದ ಕೈ. ಅಪ್ಪ ಸತ್ತಾಗ ಅವನಿಗೆ ಹದಿನಾರು, ಅವಳಿಗೆ ಏಳು. ಓದು ಬಿಟ್ಟು ಉಳಿ ಹಿಡಿದವನು ಅವನು; ಅವಳಿಗೆ ಜಡೆ ಹೆಣೆಯುವುದನ್ನು ಪಕ್ಕದ ಮನೆಯವರಿಂದ ಕಲಿತು, ಶಾಲೆಗೆ ಕಳಿಸಿ, ಎಂಜಿನಿಯರ್ ಮಾಡಿದವನೂ ಅವನೇ. ಅವಳಿಗೆ ಎಂಜಿನಿಯರಮ್ಮ ಎಂದು ಅಡ್ಡಹೆಸರಿಟ್ಟವನೂ ಅವನೇ. ಈಗ ತಂಗಿ ನಕ್ಷೆ ಹಾಕುತ್ತಾಳೆ, ಅಣ್ಣ ಕಲ್ಲು ಎತ್ತುತ್ತಾನೆ. ಇಬ್ಬರೂ ಸೇರಿ ಹನ್ನೊಂದು ಕಟ್ಟಡಗಳನ್ನು ಬೀಳದಂತೆ ಉಳಿಸಿದ್ದರು.

"ನಾಲ್ಕೇ ಗಂಟೆ ಸ್ವಾಮಿ," ಎಂದಳು ಅವಳು, ದನಿ ಸ್ವಲ್ಪ ಮೆದುವಾಗಿಸಿ. "ಪಾತ್ರೆ ಇಳಿಸಿ ಅಂತಾನೂ ಹೇಳ್ತಿಲ್ಲ. ಮತ್ತೆ ತುಂಬಿಸ್ಬೇಡಿ, ಅಷ್ಟೆ. ತಾನಾಗೇ ಖಾಲಿಯಾಗ್ಲಿ. ಕಾಲುವೆಯಲ್ಲಿ ಹರಿಯೋದು ನಿಂತ್ರೆ ನೀರು ಎಲ್ಲಿ ಸೋರ್ತಿದೆ ಅಂತ ನನಗೆ ಗೊತ್ತಾಗುತ್ತೆ. ಸಾಯಂಕಾಲದ ಪೂಜೆಗೆ ನಿಮ್ಮ ದೇವರು ನಿಮ್ಮ ಕೈಗೆ."

ಅರ್ಚಕರು ತಲೆ ತಗ್ಗಿಸಿಕೊಂಡು ನಿಂತರು. ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ. "ಅದು ದೇವರಿಗೆ ಮಾತ್ರ ಬೀಳೋ ನೀರಲ್ಲ ತಾಯಿ," ಎಂದರು, ಗೋಡೆಗೂ ಕೇಳಿಸಬಾರದೆನ್ನುವ ಹಾಗೆ.

"ಮತ್ತಿನ್ಯಾರಿಗೆ? ನಮ್ಮ ಪುರಾತತ್ವ ಇಲಾಖೆಗಾ?"

ಅವರು ತುಂಬಿದ ಬಿಂದಿಗೆಯನ್ನು ಹೊಸ್ತಿಲಿನಿಂದ ದೂರ ಸರಿಸಿಟ್ಟರು.

ಅವಳು ಹೊರಬಂದು ಪ್ರದಕ್ಷಿಣೆಯ ದಾರಿಯಲ್ಲಿ ಉತ್ತರದ ಗೋಡೆಯ ಕಡೆ ನಡೆದಳು. ಅಲ್ಲಿ, ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಗೋಮುಖ. ಒಳಗಿನ ಅಭಿಷೇಕದ ನೀರು ಹಸುವಿನ ಆ ಕಲ್ಲುಬಾಯಿಂದ ನೂಲಿನೆಳೆಯಾಗಿ ಇಳಿದು, ನೆಲದ ಚಪ್ಪಡಿಗಳ ನಡುವಿನ ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು. ಶಿವನ ಗುಡಿಯಲ್ಲಿ ಆ ಕಾಲುವೆಯನ್ನು ಯಾರೂ ದಾಟುವುದಿಲ್ಲ. ಸುತ್ತು ಬಂದವರು ಅಲ್ಲಿಗೆ ನಿಂತು, ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಅಲ್ಲಿನ ಕಲ್ಲು ಸಾವಿರಾರು ಪಾದಗಳು ತಿರುಗಿ ತಿರುಗಿ ಬಟ್ಟಲಿನಂತೆ ಸವೆದಿತ್ತು.

ಎಂಜಿನಿಯರಮ್ಮ ಅಳತೆಪಟ್ಟಿ ಹಿಡಿದು ಕಾಲುವೆಯನ್ನು ಒಂದೇ ಹೆಜ್ಜೆಗೆ ದಾಟಿದಳು.

"ಅಯ್ಯೋ!"

ಬಾವಿಕಟ್ಟೆಯ ಮೇಲಿದ್ದ ಮುದುಕಿಯ ಕೈಯಿಂದ ಹಗ್ಗ ಜಾರಿ ಬಿಂದಿಗೆ ಧಡಾರೆಂದು ಕೆಳಗೆ ಹೋಯಿತು. ನಲವತ್ತು ವರ್ಷದಿಂದ ಧಾರಾಪಾತ್ರೆಗೆ ನೀರು ಸೇದಿ ಕೊಡುವ ಮುದುಕಿ. ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿ ನೀರಜ್ಜಿ ಅನ್ನುವುದೇ ಹೆಸರಾಗಿತ್ತು.

"ಏನಾಯ್ತಜ್ಜಿ? ಕಾಲು ಕಳಚಿ ಬಿತ್ತಾ ನಂದು?" ಎಂದು ಎಂಜಿನಿಯರಮ್ಮ ಮತ್ತೆ ಈಚೆಗೆ ದಾಟಿದಳು. ಆಚೆಗೆ. ಈಚೆಗೆ. "ನೋಡಿ, ನೆಟ್ಟಗಿದೆ."

"ಸುಮ್ನಿರೇ," ಎಂದ ಅಣ್ಣ. "ದೊಡ್ಡವರ ಮುಂದೆ ಏನದು ಕುಂಟೇಬಿಲ್ಲೆ."

ನೀರಜ್ಜಿ ಅವಳನ್ನು ನೋಡಲಿಲ್ಲ. ಗೋಮುಖದ ಬುಡವನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ದಿನಾ ಪಾತ್ರೆ ತುಂಬಿದ ಮೇಲೆ ಅವಳು ಒಂದು ಚೊಂಬು ನೀರನ್ನು ಆ ಬುಡಕ್ಕೂ ಹುಯ್ಯುತ್ತಾಳೆಂದು, ಹುಯ್ಯುವಾಗ ಏನನ್ನೋ ಹೇಳುತ್ತಾಳೆಂದು ಅಣ್ಣ ಬೆಳಿಗ್ಗೆ ಗಮನಿಸಿದ್ದ. ಕಿವಿಗೊಟ್ಟಾಗ ಕೇಳಿಸಿದ್ದು ಇಷ್ಟೇ: "ತಣ್ಣಗಿರು. ತಣ್ಣಗಿರು."

*

ಹನ್ನೊಂದೂವರೆಗೆ ಹನಿ ನಿಧಾನವಾಯಿತು.

ಎಂಜಿನಿಯರಮ್ಮ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಹತ್ತು ಉಸಿರಿಗೊಂದು ಹನಿ. ಇಪ್ಪತ್ತು ಉಸಿರಿಗೊಂದು. ಅರ್ಚಕರು ಲಿಂಗದ ಪಕ್ಕ ಕಣ್ಣು ಮುಚ್ಚಿ ಕೂತು ಮಂತ್ರ ಹೇಳುತ್ತಿದ್ದರು. ಖಾಲಿಯಾಗುತ್ತಿದ್ದ ಪಾತ್ರೆ ಗಾಳಿಯಿಲ್ಲದಿದ್ದರೂ ಸಣ್ಣಗೆ ತೂಗುತ್ತಿತ್ತು. ಅದರ ತಳದಲ್ಲಿ ಕೊನೆಯ ಹನಿ ಕಟ್ಟಿತು. ಉಬ್ಬಿತು. ನಡುಗಿತು. ಬೀಳಲೋ ಬೇಡವೋ ಎಂದು ನೇತಾಡಿತು.

ಟಪ್.

ಆಮೇಲೆ ಏನೂ ಇಲ್ಲ.

ಅವಳು ಹಳೇ ಕಟ್ಟಡಗಳ ಮೌನ ಬಲ್ಲವಳು. ಆದರೆ ಇದು ಅಂಥದ್ದಲ್ಲ. ಬೆಳಗಿನಿಂದ ಕಿವಿಯಲ್ಲಿ ಬಡಿಯುತ್ತಿದ್ದ ಸದ್ದು ನಿಂತಾಗ, ಯಾರೋ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಆಲಿಸುತ್ತಿರುವ ಹಾಗೆ ಅನ್ನಿಸಿತು. ಒಂದು ಕ್ಷಣ, ಅಷ್ಟೇ. ಅವಳು ಎದ್ದು ಸೀರೆಯ ಧೂಳು ಕೊಡವಿದಳು.

"ನೋಡಿದ್ರಾ? ಆಕಾಶ ಕೆಳಗೆ ಬೀಳಲಿಲ್ಲ."

ಅರ್ಚಕರ ಮಂತ್ರ ನಿಂತಿರಲಿಲ್ಲ. ಆದರೆ ಅವರು ಮಾತು ಮಾತಿಗೂ ತುಟಿ ನೆಕ್ಕಿಕೊಳ್ಳುತ್ತಿದ್ದರು.

ಒಂದು ಗಂಟೆಯ ಹೊತ್ತಿಗೆ ಕಾಲುವೆ ಒಣಗಿತು. ಅಷ್ಟು ಬೇಗ ಒಣಗಬಾರದಿತ್ತು. ಶತಮಾನಗಳ ತೇವ ಹೀರಿದ ಕಲ್ಲು ನಾಲ್ಕು ದಿನವಾದರೂ ಒದ್ದೆಯಿರಬೇಕು. ಅವಳು ತೇವ ಅಳೆಯುವ ಯಂತ್ರದ ಮೊನೆಯನ್ನು ಗೋಡೆಗೆ ಒತ್ತಿದಳು. ಸೊನ್ನೆ. ಎರಡು ಮೊಳ ಆಚೆ ಒತ್ತಿದಳು. ಸೊನ್ನೆ. ಯಂತ್ರವನ್ನು ತನ್ನ ಅಂಗೈಗೆ ಒತ್ತಿಕೊಂಡಳು. ಮುಳ್ಳು ಸರಿಯಾಗಿಯೇ ಏರಿತು.

"ಕೆಟ್ಟಿಲ್ಲ ಇದು," ಎಂದಳು ತನಗೇ ತಾನೇ.

ಗಾಳಿ ಬದಲಾಗಿತ್ತು. ಪಾಚಿಯ, ಎಣ್ಣೆಯ, ಹೂವಿನ ವಾಸನೆ ಎಲ್ಲಿ ಹೋಯಿತೋ. ಬರಿಯ ಕಾದ ಮಣ್ಣಿನ ನಾತ. ತಳ ಹತ್ತಿದ ಖಾಲಿ ಪಾತ್ರೆಯ ನಾತ.

"ಗೋಮುಖದ ಬುಡದ ಚಪ್ಪಡಿ ಎತ್ತು ಅಣ್ಣ. ಕೆಳಗೆ ಏನೋ ಪೊಳ್ಳಿದೆ. ನೀರೆಲ್ಲ ಅಲ್ಲಿಗೇ ಇಳೀತಿದೆ."

ಅಣ್ಣ ಹಾರೆ ಹಿಡಿದು ಒಂದು ಗಳಿಗೆ ನಿಂತ. ಹಾಗೆ ನಿಲ್ಲುವವನಲ್ಲ ಅವನು. ಆಮೇಲೆ ನಂದಿಯ ಕಡೆಗೊಮ್ಮೆ ತಿರುಗಿ ಕೈ ಮುಗಿದು, ಹಾರೆಯ ಮೊನೆಯನ್ನು ಸಂದಿಗೆ ಹಾಕಿದ. ಕಲ್ಲು ನರಳುತ್ತ ಮೇಲೆದ್ದಿತು. ಕೆಳಗೆ ಒಂದು ಮೊಳ ಆಳದ ಗುಂಡಿ. ಅದರ ತಳದಲ್ಲಿ, ಹುರಿದಂತಿದ್ದ ಒಣ ಮರಳಿನ ಮೇಲೆ, ಎರಡು ಮಡಿಕೆಯಾಗಿ ಮಡಚಿದ ತಾಮ್ರದ ತಗಡು.

ಅಷ್ಟು ಕಾಲ ನೀರಿನಲ್ಲಿದ್ದರೂ ಅದಕ್ಕೆ ಕಿಲುಬು ಹಿಡಿದಿರಲಿಲ್ಲ. ನಿನ್ನೆ ಮಾಡಿದ್ದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

ಅಣ್ಣ ಗುಂಡಿಗೆ ಬಗ್ಗಿ ಅದನ್ನು ಎತ್ತಿದ. ಮಡಿಕೆಯ ಒಳಗಿನಿಂದ ಒಂದು ಗಂಟು ಕೂದಲು ಇಣುಕಿತು. ಜೊತೆಗೆ ಒಡೆದ, ಹಳದಿಗಟ್ಟಿದ ಹತ್ತು ಉಗುರುಗಳು. ತಗಡಿನ ತುಂಬ ಗೀಚಿದ ಗೆರೆಗಳು. ಉಳಿಯಿಂದ ಕೆತ್ತಿದ್ದಲ್ಲ. ಉಗುರಿನಿಂದ, ಮತ್ತೆ ಮತ್ತೆ ಒಂದೇ ಜಾಗದಲ್ಲಿ ಗೀರಿ ಗೀರಿ ಮಾಡಿದ್ದು.

"ಇದು ಮಾಟ ಕಣೇ," ಎಂದ ಅವನು. ಬಣ್ಣಗೆಟ್ಟಿದ್ದ. "ಇಟ್ಟಲ್ಲೇ ಇಡ್ತೀನಿ. ನೀನೇನು ಬೇಕಾದ್ರೂ ಅನ್ನು."

"ಮ್ಯೂಸಿಯಮ್ಮಿನವರು ಕಣ್ಣಿಗೊತ್ಕೊಂಡು ತಗೊಂಡು ಹೋಗ್ತಾರೆ. ತಾ ಇಲ್ಲಿ."

ಅವಳು ಕೈ ಚಾಚಿದಳು. ಅವನ ಹಣೆಯಿಂದ ಒಂದು ಬೆವರ ಹನಿ ಜಾರಿ ತಗಡಿನ ಮೇಲೆ ಬಿತ್ತು. ಇಬ್ಬರೂ ನೋಡಿದರು. ಹನಿ ಹರಡಲಿಲ್ಲ, ಆರಲೂ ಇಲ್ಲ. ತಗಡು ಅದನ್ನು ಒಳಕ್ಕೆ ಎಳೆದುಕೊಂಡಿತು. ಚುಪ್ ಎಂದು ಸಣ್ಣಗೆ ಸದ್ದು ಬಂತು, ಮಗು ಬೆರಳು ಚೀಪಿದ ಹಾಗೆ.

ಅಣ್ಣ ಬೆಚ್ಚಿ ಕೈ ಬಿಟ್ಟ. ತಗಡಿನ ಅಂಚು ಅವನ ಹೆಬ್ಬೆರಳನ್ನು ಸೀಳಿಕೊಂಡೇ ಕೆಳಗೆ ಬಿತ್ತು. ಗಾಯ ಬಾಯಿ ತೆರೆದುಕೊಂಡಿತು. ಅವಳು ಕಾದಳು. ರಕ್ತ ಬರಲಿಲ್ಲ.

"ಅಣ್ಣ?"

"ಏನಿಲ್ಲ," ಎಂದ ಅವನು. ಆಮೇಲೆ ತುಟಿ ಸವರಿಕೊಂಡ. "ಸ್ವಲ್ಪ ನೀರು ಕೊಡೇ. ಗಂಟಲು ಒಣಗ್ತಿದೆ."

*

ಅವಳ ಚೀಲದಲ್ಲಿದ್ದ ಬಾಟಲಿಯನ್ನು ಅವನು ಒಂದೇ ಗುಟುಕಿಗೆ ಖಾಲಿ ಮಾಡಿದ. ಬಾಯಿ ಒರೆಸಿಕೊಂಡ. ಒರೆಸಿದ ಕೈಗೆ ಒದ್ದೆ ಹತ್ತಲಿಲ್ಲ.

"ಇನ್ನೂ."

ನೀರಜ್ಜಿ ಬೆಳಿಗ್ಗೆ ಸೇದಿಟ್ಟಿದ್ದ ಬಿಂದಿಗೆಯನ್ನು ಅವನೇ ಓಡಿಹೋಗಿ ಎತ್ತಿ ಬಾಯಿಗೆ ಹುಯ್ದುಕೊಂಡ. ಗಟಗಟ ಸದ್ದು. ಬಿಂದಿಗೆ ಬರಿದಾಯಿತು. ಅವನು ಅದನ್ನು ತಲೆಕೆಳಗು ಮಾಡಿ ನಾಲಿಗೆ ಚಾಚಿದ. ನಾಲಿಗೆ ಬೆಳ್ಳಗಾಗಿತ್ತು. ನಡುವೆ ಉದ್ದಕ್ಕೆ ಸೀಳು ಬಿಟ್ಟಿತ್ತು.

"ಇಳೀತಾನೇ ಇಲ್ಲ ಕಣೇ," ಎಂದ. ದನಿ ತರಗೆಲೆ ತುಳಿದಂತಿತ್ತು. "ಬಾಯಿವರೆಗೆ ಬರುತ್ತೆ. ಆಮೇಲೆ ಇಲ್ಲ. ಯಾರೋ ಮಧ್ಯದಲ್ಲೇ..."

ಬಿಸಿಲಿನ ಹೊಡೆತ, ಎಂದುಕೊಂಡಳು ಅವಳು. ಬಿಸಿಲಿನ ಹೊಡೆತವೇ. ಹೊರಗಿನ ಜೀಪಿಗೆ ಓಡಿದಳು. ಹಿಂದಿನ ಸೀಟಿನಲ್ಲಿ ಹನ್ನೆರಡು ನೀರಿನ ಬಾಟಲಿಗಳ ಕಟ್ಟು ಇತ್ತು. ಬೆಳಿಗ್ಗೆ ಅವಳೇ ಇಟ್ಟಿದ್ದು. ಎಳೆದಾಗ ಕಟ್ಟು ಹಗುರವಾಗಿ ಮೇಲೆ ಬಂತು.

ಹನ್ನೆರಡೂ ಖಾಲಿ.

ಒಂದನ್ನು ತಿರುಗಿಸಿ ನೋಡಿದಳು. ಮುಚ್ಚಳದ ಮುದ್ರೆ ಒಡೆದಿರಲಿಲ್ಲ. ಇನ್ನೊಂದು. ಅದೂ ಒಡೆದಿರಲಿಲ್ಲ. ಮೂರನೆಯದನ್ನು ನೋಡುವಷ್ಟು ಧೈರ್ಯ ಉಳಿಯಲಿಲ್ಲ. ಜೀಪಿನ ರೇಡಿಯೇಟರಿನಿಂದ ಹೊಗೆ ಏಳುತ್ತಿತ್ತು. ರಸ್ತೆಯಾಚೆಯ ಅಂಗಡಿಯ ಮುಂದೆ ಒಬ್ಬ ಹೆಂಗಸು ನಲ್ಲಿಯನ್ನು ತಿರುಗಿಸಿ ತಿರುಗಿಸಿ ಬಯ್ಯುತ್ತಿದ್ದಳು. ಆ ನಲ್ಲಿಯಿಂದ ಗಾಳಿ ಮಾತ್ರ ಬರುತ್ತಿತ್ತು, ಮುದುಕರ ಉಬ್ಬಸದ ಹಾಗೆ.

ಅವಳು ಹಿಂತಿರುಗಿದಾಗ ಅಣ್ಣ ನಂದಿಮಂಟಪದ ಕಂಬಕ್ಕೆ ಒರಗಿ ಕುಸಿದಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಅರ್ಧ ಗಂಟೆಯ ಹಿಂದೆ ಚಪ್ಪಡಿ ಎತ್ತಿದ್ದ ತೋಳಿನ ಚರ್ಮ ಸುಕ್ಕುಗಟ್ಟಿ, ಉಗುರು ತಾಗಿದಲ್ಲೆಲ್ಲ ಹಿಟ್ಟಿನ ಹಾಗೆ ಉದುರುತ್ತಿತ್ತು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರಜ್ಜಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಬಾವಿ! ಅಜ್ಜಿ, ಬಾವಿಯಿಂದ ಸೇದಿ!"

"ಸೇದಿದೆ ಮಗಾ. ಬಿಂದಿಗೆ ತಳದಲ್ಲಿ ಕಲ್ಲಿಗೆ ಬಡೀತು."

"ಬೆಳಿಗ್ಗೆ ತುಂಬಿತ್ತಲ್ಲ!"

"ತುಂಬಿತ್ತು."

ಗರ್ಭಗುಡಿಯೊಳಗೆ ಅರ್ಚಕರ ಮಂತ್ರ ತುಂಡಾಗತೊಡಗಿತ್ತು. ನಮಃ ಎನ್ನಲು ಹೋದರೆ ನ ಮಾತ್ರ ಬರುತ್ತಿತ್ತು. ಆಮೇಲೆ ಅದೂ ಇಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ನಂದಾದೀಪದ ಎಣ್ಣೆ ಹೊತ್ತಿಗೆ ಮುಂಚೆಯೇ ಇಂಗಿ, ಬತ್ತಿ ಕರಕಲಾಗಿ ಕಂದಿತು. ಕತ್ತಲು ಹೊಸ್ತಿಲ ತನಕ ಬಂದು ನಿಂತಿತು.

ಎಂಜಿನಿಯರಮ್ಮ ನೀರಜ್ಜಿಯ ಮುಂದೆ ಕುಸಿದು ಕೂತಳು. "ಏನಿದು ಅಜ್ಜಿ? ಹೇಳಿ. ನಾನು ನಂಬ್ತೀನಿ. ಈಗ ನಂಬ್ತೀನಿ, ಹೇಳಿ."

"ಈ ಬಾವಿಗೆ ಜಾಗ ತೋರಿಸಿದವನು," ಎಂದಳು ಮುದುಕಿ. ಒಂದೊಂದು ಮಾತಿಗೂ ಗಂಟಲು ಕೆರೆಯುತ್ತಿತ್ತು. "ಗುಡಿ ಕಟ್ಟೋ ಕಾಲದಲ್ಲಿ. ಮಂತ್ರ ಗೊತ್ತಿದ್ದವನು. ನೆಲಕ್ಕೆ ಕಿವಿ ಇಟ್ಟು ನೀರು ಕರೀತಿದ್ನಂತೆ. ನೀರು ಬಂತು. ಆಮೇಲೆ ಊರಿಗೆ ಹೆದರಿಕೆ ಹತ್ತಿತು. ಕರೆದವನು ಕಳಿಸ್ಲೂ ಬಹುದಲ್ಲ? ಇಲ್ಲೇ, ಈ ಗೋಡೆ ಪಕ್ಕ ಒಂದು ಕಲ್ಲಿನ ಕೋಣೆ ಇತ್ತಂತೆ. ಅದರಲ್ಲಿ ಕೂಡಿ ಬಾಗಿಲಿಗೆ ಕಲ್ಲು ಕಟ್ಟಿಬಿಟ್ರು. ಏಳು ದಿನ ನೀರು ಕೇಳ್ದ. ಒಳಗೆ ದೇವರಿಗೆ ಅಭಿಷೇಕ ಆಗೋ ಸದ್ದು ಅವನ ಕಿವಿಗೆ ಬೀಳ್ತಿತ್ತು. ಅದನ್ನ ಕೇಳ್ತಾ ಕೇಳ್ತಾ ಸತ್ತ."

"ಆ ತಗಡು..."

"ಸಾಯೋ ಮುಂಚೆ ಉಗುರಲ್ಲಿ ಬರೆದಿದ್ದು. ಆಮೇಲೆ ಊರಲ್ಲಿ ಒಬ್ಬೊಬ್ಬರಾಗಿ ಹೀಗೇ ಒಣಗಿ ಹೋದ್ರು. ತಗಡನ್ನ ಸುಟ್ರೆ ಸುಡಲಿಲ್ಲ, ಹೊಳೆಗೆ ಹಾಕಿದ್ರೆ ಹೊಳೆ ಬತ್ತಿತು. ಕೊನೆಗೆ ಇಲ್ಲಿನ ಅರ್ಚಕರೊಬ್ಬರು ಶಿವನ ಸ್ನಾನದ ನೀರಿನ ಕೆಳಗಿಟ್ರು. ವಿಷ ಕುಡಿದು ಗಂಟಲಲ್ಲಿ ಇಟ್ಕೊಂಡ ದೇವರು, ಇವನನ್ನೂ ತಣ್ಣಗಿಡ್ಲಿ ಅಂತ."

ಅಣ್ಣನ ಎದೆ ಮೇಲೆದ್ದು ಅಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ ಇಳಿಯಿತು.

"ತಗಡನ್ನ ವಾಪಸ್ ಇಡ್ತೀನಿ. ಪಾತ್ರೆ ತುಂಬಿಸ್ತೀನಿ."

"ಯಾವ ನೀರಲ್ಲಿ ಮಗಾ?"

ಆಗ ಕೇಳಿಸಿತು.

ಮೊದಲು ಅದು ಗಾಳಿ ಎಂದುಕೊಂಡಳು. ಗೋಮುಖದಿಂದ ಬರುತ್ತಿತ್ತು. ಒಣ ಎಲೆ ಕಲ್ಲಿನ ಮೇಲೆ ಎಳೆದಾಡಿದ ಹಾಗೆ. ನಿಂತಿತು. ಮತ್ತೆ ಬಂತು. ಅದರಲ್ಲಿ ಅಕ್ಷರಗಳಿದ್ದವು.

*ನೀ... ರು.*

ನೀರಜ್ಜಿಯ ತೊಡೆಯ ಮೇಲಿದ್ದ ಅಣ್ಣನ ತುಟಿಯೂ ಅದೇ ಹೊತ್ತಿಗೆ ಅಲುಗಿತು. ಅವನ ಬಾಯಿಂದಲೂ ಅದೇ ದನಿ. ಅದೇ ಮಾತು. ಅದು ಅಣ್ಣನ ದನಿಯಲ್ಲ.

*ನೀ... ರು.*

ಎಂಜಿನಿಯರಮ್ಮ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಹನ್ನೊಂದು ಕಟ್ಟಡ, ಇಪ್ಪತ್ತು ವರ್ಷದ ಓದು, ಯಂತ್ರಗಳು, ಅಳತೆಗಳು, ಯಾವುದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಒಂದೇ: ಜಡೆಯ ಮೂರು ಕಾಲುಗಳನ್ನು ಹಿಡಿದುಕೊಂಡು, ಯಾವುದು ಯಾವುದರ ಮೇಲೆ ಹೋಗಬೇಕೆಂದು ತಿಳಿಯದೆ ತಬ್ಬಿಬ್ಬಾಗಿ ನಿಂತ ಹದಿನಾರರ ಹುಡುಗನ ಬೆರಳುಗಳು.

"ಅವನಿಗೇನು ಬೇಕು ಅಜ್ಜಿ?"

ನೀರಜ್ಜಿ ತಲೆಯಾಡಿಸಿದಳು. "ಕೇಳ್ಬೇಡ."

"ಹೇಳಿ!"

"ಇಷ್ಟು ಕಾಲ ಅವನಿಗೆ ಬಿದ್ದಿದ್ದೆಲ್ಲ ದೇವರು ಮಿಂದ ನೀರು. ನಾನೂ ತಣ್ಣಗಿರು ಅಂತೀನಿ, ಕುಡಿ ಅಂತ ಅನ್ನಲ್ಲ. ಅನ್ನಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ರು. ನಾನು ಕೊಡ್ತೀನಿ ಅಂತ ಯಾರೂ ಅವನಿಗೆ ಬಾಯಿಬಿಟ್ಟು ಹೇಳಿಲ್ಲ." ಅವಳು ಎಂಜಿನಿಯರಮ್ಮನ ಮುಂಗೈ ಹಿಡಿದುಕೊಂಡಳು. ಹಿಡಿತ ಬಲವಾಗಿತ್ತು. "ಹೇಳಿದವರ ಗಂಟಲಲ್ಲಿ ಬಂದು ಕೂರ್ತಾನೆ ಮಗಾ. ಆಮೇಲೆ ಎದ್ದು ಹೋಗಲ್ಲ."

ಅಣ್ಣನ ಕಣ್ಣು ಅರ್ಧ ತೆರೆದಿತ್ತು. ಕಣ್ಣುಗುಡ್ಡೆಯ ಮೇಲಿನ ಹೊಳಪು ಹೋಗಿ ಕಾಗದದ ಹಾಗಾಗಿತ್ತು. ಅವನು ರೆಪ್ಪೆ ಬಡಿಯಲು ನೋಡಿದ. ರೆಪ್ಪೆ ಅಂಟಿಕೊಂಡಿತು.

ಅವಳು ಕೈ ಬಿಡಿಸಿಕೊಂಡಳು. ತಗಡನ್ನು ಎತ್ತಿಕೊಂಡಳು. ಅದು ಕೆಂಡದ ಹಾಗಿತ್ತು. ಅಂಗೈ ಸುಟ್ಟಿತು. ಬಿಡಲಿಲ್ಲ. ಗುಂಡಿಯಲ್ಲಿಟ್ಟಳು. ಕೂದಲು, ಉಗುರು, ಒಂದೂ ಬಿಡದೆ. ಮೊಣಕಾಲೂರಿದಳು. ಬಗ್ಗಿದಳು. ಗೋಮುಖಕ್ಕೆ ಮುಖ ಹತ್ತಿರ ತಂದಳು. ಒಳಗೆ ಕತ್ತಲು. ಆ ಕತ್ತಲಿಂದ ಬಿಸಿ ಉಸಿರು. ಅವಳ ತುಟಿ ಬಿರಿಯಿತು. ಕಣ್ಣು ಉರಿಯಿತು. ಯಾರೋ ಇದ್ದರು. ಅಷ್ಟು ಹತ್ತಿರ. ಬಾಯಿ ತೆರೆದುಕೊಂಡು. ಕಾಯುತ್ತ.

"ಕೊಡ್ತೀನಿ," ಎಂದಳು.

ದನಿ ಹೊರಡಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹಲ್ಲಿನಿಂದ ನಾಲಿಗೆಯ ತುದಿ ಕಚ್ಚಿದಳು. ಜೋರಾಗಿ. ಬಿಸಿಯಾದದ್ದು ಒಂದು ಹನಿ ಬಂತು. ಉಪ್ಪಾಗಿತ್ತು. ಅದನ್ನು ಗೋಮುಖದ ಬುಡಕ್ಕೆ ಬೀಳಿಸಿದಳು.

"ಕುಡಿ. ನಾನು ಕೊಡ್ತೀನಿ ನಿನಗೆ. ದಿನಾ ಕೊಡ್ತೀನಿ. ನನ್ನಣ್ಣನ್ನ ಬಿಡು."

ಎಲ್ಲ ನಿಂತಿತು. ಗಾಳಿ. ಉಸಿರು. ದನಿ.

ಆಮೇಲೆ, ಅವಳ ಬಾಯೊಳಗೆ, ಯಾರೋ ತಣ್ಣನೆಯ ಬೆರಳಿಟ್ಟ ಹಾಗಾಯಿತು. ಬೆರಳು ನಾಲಿಗೆಯ ಮೇಲೆ ಹರಿದು, ಗಂಟಲಿಗೆ ಇಳಿದು, ಅಲ್ಲಿ ಜಾಗ ಮಾಡಿಕೊಂಡು, ಕೂತಿತು.

ಬಾವಿಯ ಆಳದಲ್ಲಿ ಗುಳುಗುಳು ಎಂದಿತು. ನೀರಜ್ಜಿ ಬಿಂದಿಗೆ ಇಳಿಸಿದ ಸದ್ದು ಕೇಳಿಸಿತು. ಈ ಸಲ ಅದು ಕಲ್ಲಿಗೆ ಬಡಿಯಲಿಲ್ಲ.

*

ಅಣ್ಣ ಬದುಕಿದ. ಮೂರು ದಿನ ಅರ್ಚಕರ ಮನೆಯ ಪಡಸಾಲೆಯಲ್ಲಿ ಮಲಗಿ ಗಂಜಿ ಕುಡಿದ, ನಾಲ್ಕನೆಯ ದಿನ ಎದ್ದು ಕೂತು, "ಎಂಜಿನಿಯರಮ್ಮೋರ ಅಪ್ಪಣೆ ಆದ್ರೆ ಚಪ್ಪಡಿ ಮುಚ್ಚಬಹುದಾ?" ಎಂದು ತಮಾಷೆ ಮಾಡಿದ. ಹನಿ ನಿಲ್ಲಿಸದೆಯೇ ಕೆಲಸ ಮಾಡಿದರು. ಒಡೆದ ಕಾಲುವೆಯ ಸಂದುಗಳಿಗೆ ಗಾರೆ ತುಂಬಿದರು, ಕೂತ ಗೋಡೆಗೆ ಹೊರಗಿನಿಂದ ಆಸರೆ ಕೊಟ್ಟರು. ಆ ದಿನದ ಬಗ್ಗೆ ಅವನಿಗೆ ಬಾಯಾರಿದ್ದರ ಹೊರತು ಏನೂ ನೆನಪಿರಲಿಲ್ಲ. ಅವಳು ಹೇಳಲಿಲ್ಲ. ನೀರಜ್ಜಿಗೂ ಹೇಳಗೊಡಲಿಲ್ಲ. ದಿನಾ ಬೆಳಿಗ್ಗೆ ಮುದುಕಿಯ ಕೈಯಿಂದ ಚೊಂಬು ಇಸಿದುಕೊಂಡು ಗೋಮುಖದ ಬುಡಕ್ಕೆ ತಾನೇ ನೀರು ಹುಯ್ಯುತ್ತಿದ್ದಳು. ಆಮೇಲೆ ತಾನೂ ಕುಡಿಯುತ್ತಿದ್ದಳು. ಅವಳು ಒಮ್ಮೆ ನುಂಗಿದರೆ, ಒಂದು ಕ್ಷಣದ ನಂತರ ಅವಳ ಗಂಟಲಲ್ಲಿ ಇನ್ನೊಂದು ಗುಟುಕು ನುಂಗಿದ ಸದ್ದಾಗುತ್ತಿತ್ತು.

ಒಂಬತ್ತನೆಯ ದಿನ ಕೆಲಸ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಸಾಮಾನು ಜೀಪಿಗೆ ತುಂಬಿದರು. "ದಿನಾ ಅಂತ ಹೇಳಿಬಿಟ್ಟಿದ್ದೀಯ ಮಗಾ," ಎಂದಳು ನೀರಜ್ಜಿ ಬಾಗಿಲಲ್ಲಿ ನಿಂತು. ಅರ್ಚಕರು ಮಾತಾಡಲಿಲ್ಲ, ಅವರ ದನಿ ಆ ದಿನ ಹೋದದ್ದು ಮರಳಿ ಬಂದಿರಲಿಲ್ಲ.

"ಅಜ್ಜಿ, ನೀವೇ ಹುಯ್ಯಿ. ಯಾರು ಹುಯ್ದರೇನು, ನೀರು ನೀರೇ," ಎಂದಳು ಅವಳು. ಹೇಳುವಾಗ ಅಣ್ಣನ ಮುಖ ನೋಡಿದಳು. ಮನೆಯಲ್ಲಿ ಅತ್ತಿಗೆ ಕಾಯುತ್ತಿದ್ದಳು. ಎಲ್ಲ ಮುಗಿದಿದೆ ಎಂದು ನಂಬುವ ಆಸೆ ಅಷ್ಟಿತ್ತು.

ಜೀಪು ಊರು ದಾಟಿತು. ಹೊಲ, ಇಟ್ಟಿಗೆಗೂಡು, ಒಂದು ಸೇತುವೆ. ಐದನೆಯ ಮೈಲಿಗೆ ಅವಳ ತುಟಿ ಬಿರಿಯಿತು. ಬಾಟಲಿ ಎತ್ತಿ ಕುಡಿದಳು. ಏಳನೆಯ ಮೈಲಿಗೆ ಇನ್ನೊಂದು. ಒಂಬತ್ತನೆಯ ಮೈಲಿಗೆ ಬಾಟಲಿಗಳು ಮುಗಿದಿದ್ದವು. ಹತ್ತನೆಯ ಮೈಲಿಯಲ್ಲಿ ಅವಳು ಕೈ ನೋಡಿಕೊಂಡಳು. ಬೆರಳ ಗೆಣ್ಣುಗಳಿಂದ ಚರ್ಮ ಸಿಪ್ಪೆಯಾಗಿ ಏಳುತ್ತಿತ್ತು. ಏಳುತ್ತಿದ್ದ ಜಾಗದಲ್ಲಿ ರಕ್ತವಿರಲಿಲ್ಲ.

ಅಣ್ಣ ಗಾಡಿ ನಿಲ್ಲಿಸಿ ಅವಳ ಕಡೆ ತಿರುಗಿದ.

ಗುಡಿಯಲ್ಲಿ ತನಗಾಗಿದ್ದ ಬಾಯಾರಿಕೆ, ಬಾಗಿಲಲ್ಲಿ ನೀರಜ್ಜಿ ಆಡಿದ ಮಾತು, ಅವನಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಅಪ್ಪ ಸತ್ತಾಗಲೂ ಅಳದಿದ್ದವನು, ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡು ಅಳತೊಡಗಿದ. "ನನಗಾಗಿ ಏನು ಮಾಡ್ಕೊಂಡ್ಯೇ," ಎಂದ. "ಏನು ಮಾಡ್ಕೊಂಡ್ಯೇ ನೀನು." ಕಣ್ಣೀರು ಅವನ ಮೂಗಿನ ಪಕ್ಕದಿಂದ ಇಳಿದು, ಮೀಸೆಯ ತುದಿಗೆ ಬಂದು, ಹನಿಯಾಗಿ ಕಟ್ಟಿತು. ಉಬ್ಬಿತು.

ಅವಳಿಗೆ ಬೇರೇನೂ ಕಾಣಿಸಲಿಲ್ಲ. ರಸ್ತೆ ಇಲ್ಲ, ಬಿಸಿಲಿಲ್ಲ, ಅಣ್ಣನಿಲ್ಲ. ಆ ಹನಿ. ಬರೀ ಆ ಹನಿ. ಗಂಟಲಲ್ಲಿ ಕೂತದ್ದು ಮೆಲ್ಲಗೆ ಮಿಸುಕಿ ಎದ್ದಿತು. ಅವಳ ನಾಲಿಗೆ ತಾನಾಗಿಯೇ ತುಟಿಯ ಹೊರಗೆ ಬಂತು. ಮೈ ಅವನ ಕಡೆಗೆ ವಾಲಿತು. ಹನಿಯ ಹಿಂದೆ ಕಣ್ಣು. ಕಣ್ಣಿನ ಹಿಂದೆ ಇನ್ನೂ ಎಷ್ಟೋ ತೇವ. ಬಿಸಿಯಾಗಿ, ಮೈತುಂಬ ಹರಿಯುತ್ತ.

ಅವಳು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿ ಹಿಡಿದಳು.

"ಅಣ್ಣ," ಎಂದಳು. "ಮುಖ ಒರೆಸ್ಕೋ."

"ಏನು?"

"ಬೇಗ ಒರೆಸ್ಕೋ. ನನ್ನ ಕಡೆ ನೋಡ್ಬೇಡ. ಗಾಡಿ ತಿರುಗ್ಸು."

ಅವನು ಅಂಗೈಯಿಂದ ಮುಖ ಒರೆಸಿಕೊಂಡು ಜೀಪನ್ನು ಗುಡಿಯ ಕಡೆಗೆ ತಿರುಗಿಸಿದ. ಇನ್ನೂ ಹತ್ತು ಮೈಲಿ ಇತ್ತು. ಗೇರು ಹಾಕಲು ಚಾಚಿದ ಅವನ ಕೈ ಅವಳ ಮೊಣಕಾಲ ಪಕ್ಕದಲ್ಲೇ ಇತ್ತು, ಇನ್ನೂ ಒದ್ದೆಯಾಗಿ.